ನ್ಯೂಯಾರ್ಕ್‌ನಿಂದ ಲಂಡನ್‌ಗೆ ಒಂದೇ ಬಾಣ ಸಾಕಾ? ಪಂಕ್ ಬ್ಯಾಂಡುಗಳ ಕೊಡು-ಕೊಳ್ಳು, ಕಳವು, ಜಗಳ

ಬಾಣದಗುರುತು:
1974ರಿಂದ 1980ರವರೆಗಿನ ಪಂಕ್ (ವೇಗದ, ಒರಟು ರಾಕ್), ಅದರ ಬೆನ್ನಿಗೇ ಬಂದ ನ್ಯೂ ವೇವ್ ಬ್ಯಾಂಡುಗಳನ್ನೆಲ್ಲ ಒಂದು ದೊಡ್ಡ ಹಾಳೆ ಮೇಲೆ ಬರೆದು, ಯಾರಿಂದ ಯಾರಿಗೆ ಏನು ಹೋಯ್ತು ಅಂತ ಬಾಣ ಹಾಕ್ತಾ ಇದ್ದೀನಿ. ಕರಡಿನಲ್ಲಿ ಸದ್ಯ ಒಂದೇ ದಪ್ಪ ಬಾಣ ಇದೆ, ನ್ಯೂಯಾರ್ಕ್‌ನಿಂದ ಲಂಡನ್‌ಗೆ. ಅದರ ಮೇಲೆ ಹೀಗೆ ಬರೆದಿದ್ದೀನಿ: "1976 ಜುಲೈ 4, ರೌಂಡ್‌ಹೌಸ್, ರಮೋನ್ಸ್ ಶೋ. ಸೆಕ್ಸ್ ಪಿಸ್ಟಲ್ಸ್, ಕ್ಲ್ಯಾಶ್, ಡ್ಯಾಮ್ಡ್ ಎಲ್ಲರೂ ನೋಡಿದರು, ಹೋಗಿ ಬ್ಯಾಂಡ್ ಕಟ್ಟಿದರು." ಇದು ಸರೀನಾ? ಬೇರೆ ಯಾವ ಬಾಣ ಹಾಕಬೇಕು? ದಯವಿಟ್ಟು "ಇಂಥವರ ಛಾಯೆ ಇಂಥವರಲ್ಲಿ ಕಾಣುತ್ತೆ" ಅನ್ನೋ ಗಾಳಿಮಾತು ಬೇಡ. ರಿಫ್ (ಹಾಡಲ್ಲಿ ಮತ್ತೆ ಮತ್ತೆ ಬರೋ ಚಿಕ್ಕ ಗಿಟಾರ್ ತುಣುಕು), ಗಿಟಾರು, ಆಂಪ್, ತಾರೀಕು, ದುಡ್ಡು... ಕೈಗೆ ಸಿಗೋದನ್ನ ಹೇಳಿ.

ಹಳೇ_ತಟ್ಟೆ:
ಮೊದಲು ಆ ದಪ್ಪ ಬಾಣ ಅಳಿಸಿ.

ಜುಲೈ 4ರ ರಾತ್ರಿ ಸೆಕ್ಸ್ ಪಿಸ್ಟಲ್ಸ್ ಲಂಡನ್‌ನಲ್ಲೇ ಇರಲಿಲ್ಲ. ಶೆಫೀಲ್ಡ್‌ನ ಬ್ಲ್ಯಾಕ್ ಸ್ವಾನ್ ಪಬ್‌ನಲ್ಲಿ ಬಾರಿಸ್ತಿದ್ರು. ಅವರಿಗಿಂತ ಮುಂಚೆ ವೇದಿಕೆ ಹತ್ತಿದ್ದು ಕ್ಲ್ಯಾಶ್. ಅದು ಕ್ಲ್ಯಾಶ್‌ನ ಮೊತ್ತಮೊದಲ ಶೋ. ಅಂದ್ರೆ ಅವರು ನೋಡಿ ಬ್ಯಾಂಡ್ ಕಟ್ಟಿದರು ಅಂತ ನೀವು ಹೇಳೋ ರಾತ್ರಿಯೇ ಅವರ ಬ್ಯಾಂಡ್ ಇನ್ನೊಂದು ಊರಲ್ಲಿ ಶೋ ಕೊಡ್ತಿತ್ತು. ಅವರು ರಮೋನ್ಸ್‌ನ ನೋಡಿದ್ದು ಮಾರನೇ ದಿನ, ಜುಲೈ 5ಕ್ಕೆ, ಡಿಂಗ್‌ವಾಲ್ಸ್‌ನಲ್ಲಿ. ಡ್ಯಾಮ್ಡ್ ಮೊದಲ ಶೋ ಜುಲೈ 6, 100 ಕ್ಲಬ್‌ನಲ್ಲಿ, ಪಿಸ್ಟಲ್ಸ್‌ಗೆ ಮುಂಚಿನ ಬ್ಯಾಂಡ್ ಆಗಿ. ನಿನ್ನೆ ನೋಡಿ ಇವತ್ತು ಬ್ಯಾಂಡ್ ಕಟ್ಟಿ ವೇದಿಕೆ ಹತ್ತೋಕೆ ಇದೇನು ಇನ್‌ಸ್ಟಂಟ್ ಉಪ್ಪಿಟ್ಟಾ?

ಇನ್ನೊಂದು: ರೌಂಡ್‌ಹೌಸ್‌ನಲ್ಲಿ ಅವತ್ತು ಮುಖ್ಯ ಬ್ಯಾಂಡ್ ರಮೋನ್ಸ್ ಅಲ್ಲ, ಫ್ಲೇಮಿನ್ ಗ್ರೂವೀಸ್.

ಮೂರೇ_ಕಾರ್ಡು:
ಅದಕ್ಕೂ ಹಿಂದಿನ ತಾರೀಕು ಬೇಕಾ? ಪಿಸ್ಟಲ್ಸ್ ಮೊದಲ ಶೋ 1975 ನವೆಂಬರ್ 6, ಸೇಂಟ್ ಮಾರ್ಟಿನ್ಸ್ ಕಲಾ ಶಾಲೆಯಲ್ಲಿ. ರಮೋನ್ಸ್ ಮೊದಲ ತಟ್ಟೆ (ರೆಕಾರ್ಡ್) ಬಂದದ್ದು 1976ರ ಏಪ್ರಿಲ್‌ನಲ್ಲಿ. ಆಗ ಪಿಸ್ಟಲ್ಸ್ ಬಾರಿಸ್ತಿದ್ದದ್ದು ಸ್ಮಾಲ್ ಫೇಸಸ್, ದ ಹೂ, ಮಂಕೀಸ್ ಹಾಡುಗಳನ್ನ. ಬ್ರಿಟಿಷ್ ಅರವತ್ತರ ದಶಕದ ಸರಕನ್ನ ಕೆಡಿಸಿ ಬಾರಿಸ್ತಿದ್ದ ಬ್ಯಾಂಡ್ ಅದು, ಅಷ್ಟೇ. ರಮೋನ್ಸ್‌ಗೂ ಅದಕ್ಕೂ ಸಂಬಂಧ ಇಲ್ಲ.

ಬಾಣದಗುರುತು:
ಸರಿ, ಅಳಿಸಿದೆ. ಹಾಗಾದ್ರೆ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಏನೂ ಹೋಗಲೇ ಇಲ್ವಾ?

ಟೇಪುಹುಳ:
ಹೋಯ್ತು. ಬಾಣವನ್ನ ಶೋಗೆ ಹಾಕಬೇಡಿ, ತಟ್ಟೆಗೆ ಹಾಕಿ.

ರಮೋನ್ಸ್ ಮೊದಲ ಆಲ್ಬಮ್ 14 ಹಾಡು, ಒಟ್ಟು ಸುಮಾರು 29 ನಿಮಿಷ. ಹಾಡಿಗೆ ಸರಾಸರಿ ಎರಡು ನಿಮಿಷ ನಾಲ್ಕು ಸೆಕೆಂಡು. ರೇಡಿಯೊ ಸಿಟಿ ಮ್ಯೂಸಿಕ್ ಹಾಲ್ ಕಟ್ಟಡದಲ್ಲಿದ್ದ ಪ್ಲಾಜಾ ಸೌಂಡ್ ಸ್ಟುಡಿಯೊದಲ್ಲಿ ಸುಮಾರು 6,400 ಡಾಲರ್‌ನಲ್ಲಿ ಮುಗಿಸಿದ್ದು. ಬಹಳ ಜನ ಗಮನಿಸದೇ ಇರೋದು ಅದರ ಸ್ಟೀರಿಯೊ ಹಂಚಿಕೆ. ಬಾಸ್ ಪೂರ್ತಿ ಎಡಕ್ಕೆ, ಗಿಟಾರ್ ಪೂರ್ತಿ ಬಲಕ್ಕೆ, ಡ್ರಮ್ಸ್ ಮತ್ತು ಗಾಯನ ನಡುವೆ. ಬೀಟಲ್ಸ್ ಹಳೇ ಸ್ಟೀರಿಯೊ ತಟ್ಟೆಗಳ ಥರ. ಈಗಲೇ ಹಾಕಿ ನೋಡಿ, ಬಲ ಕಿವಿಯ ಇಯರ್‌ಫೋನ್ ತೆಗೆದರೆ ಗಿಟಾರ್ ಮಾಯ. ಎಡಗಡೆದು ತೆಗೆದರೆ ಬಾಸ್ ಮಾಯ.

ಇದರಿಂದ ಏನಾಯ್ತು? ಬ್ಯಾಲೆನ್ಸ್ ನಾಬ್ ತಿರುಗಿಸಿದ್ರೆ ಸಾಕು, ಆ ತಟ್ಟೆ ಒಂದು ಪಾಠಪುಸ್ತಕ. ಬಾಸ್ ಕಲಿಯೋನು ಎಡ ಚಾನೆಲ್ ಮುಚ್ಚಿ, ಬಲದ ಗಿಟಾರ್ ಜೊತೆ ತಾನೇ ಬಾಸ್ ಬಾರಿಸಬಹುದು. ಮುಂದೆ ಪಿಸ್ಟಲ್ಸ್ ಬಾಸ್ ವಾದಕನಾದ ಸಿಡ್ ವಿಶಸ್ ಬಾಸ್ ಕಲಿಯೋಕೆ ಹಿಡಿದದ್ದು ಇದೇ ತಟ್ಟೆಯನ್ನ. ಕಲಿತ ಮಟ್ಟದ ಬಗ್ಗೆ ನಾನು ಮಾತಾಡಲ್ಲ.

ಮೂಗುತೂರಿಸುವವ:
ಕಲಿತ ಮಟ್ಟ ಎಷ್ಟು ಅಂದ್ರೆ ಪಿಸ್ಟಲ್ಸ್ ಆಲ್ಬಮ್‌ನಲ್ಲಿ ಬಾಸ್ ಹೆಚ್ಚುಕಡಿಮೆ ಪೂರ್ತಿ ಗಿಟಾರಿಸ್ಟ್ ಸ್ಟೀವ್ ಜೋನ್ಸೇ ಬಾರಿಸಬೇಕಾಯ್ತು 😄

ಟೇಪುಹುಳ:
ಅದೇ ಆ ಆಲ್ಬಮ್‌ನ ಗುಟ್ಟು ಕೂಡ. ಒಂದೇ ಕೈ ಗಿಟಾರನ್ನೂ ಬಾಸನ್ನೂ ಬಾರಿಸಿದಾಗ ಎರಡರ ಏಟೂ ಒಂದೇ ಕ್ಷಣಕ್ಕೆ ಬೀಳುತ್ತೆ. ಜೋನ್ಸ್ ಬಾಸ್‌ನಲ್ಲಿ ಬರೀ ಮೂಲಸ್ವರ ಹಿಡಿದು ಹೋಗ್ತಾನೆ, ಅಲಂಕಾರ ಇಲ್ಲ. ಮೇಲೆ ಗಿಟಾರನ್ನ ಪದರ ಪದರವಾಗಿ ಪೇರಿಸಿದ್ದಾರೆ. ನಿರ್ಮಾಪಕ ಕ್ರಿಸ್ ಥಾಮಸ್, ಮುಂಚೆ ರಾಕ್ಸಿ ಮ್ಯೂಸಿಕ್ ಜೊತೆ ಕೆಲಸ ಮಾಡಿದವ. ಧ್ವನಿಮುದ್ರಕ ಬಿಲ್ ಪ್ರೈಸ್, ಸ್ಟುಡಿಯೊ ವೆಸೆಕ್ಸ್. "ಮೂರು ಕಾರ್ಡು (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಕಲಿತು ಮನೇಲೇ ಮಾಡಿದ್ದು" ಅನ್ನೋ ಕಥೆಗೂ ಈ ತಟ್ಟೆಗೂ ಅಜಗಜಾಂತರ.

ಕೆಳಗೀಟು:
ಗಿಟಾರಿಗೇ ಒಂದು ಬಾಣ ಹಾಕಿ. ಸ್ಟೀವ್ ಜೋನ್ಸ್‌ನ ಬಿಳಿ ಲೆಸ್ ಪಾಲ್ ಕಸ್ಟಮ್ ಮೊದಲು ನ್ಯೂಯಾರ್ಕ್ ಡಾಲ್ಸ್ ಬ್ಯಾಂಡಿನ ಸಿಲ್ವೇನ್ ಸಿಲ್ವೇನ್‌ದು. ಪಿಸ್ಟಲ್ಸ್ ಮ್ಯಾನೇಜರ್ ಮಾಲ್ಕಮ್ ಮೆಕ್‌ಲಾರೆನ್ 1975ರಲ್ಲಿ ಡಾಲ್ಸ್ ವ್ಯವಹಾರ ನೋಡಿಕೊಂಡು ವಾಪಸ್ ಬರುವಾಗ ಲಂಡನ್‌ಗೆ ತಂದದ್ದು. ಪ್ರಭಾವ ಅಂತ ಕಥೆ ಹೇಳೋದೇ ಬೇಡ, ವಸ್ತುವೇ ವಿಮಾನ ಹತ್ತಿ ಬಂದಿದೆ.

ಬಾಣದಗುರುತು:
ಇಂಥದ್ದೇ ಬೇಕಿತ್ತು! ಗಿಟಾರಿನ ಚಿಕ್ಕ ಚಿತ್ರ ಹಾಕ್ತೀನಿ.

ಒಂದು ದಡ್ಡ ಪ್ರಶ್ನೆ. ರಮೋನ್ಸ್ ಗಿಟಾರಿಸ್ಟ್ ಜಾನಿ ರಮೋನ್ ಬಾರಿಸೋದು ಪವರ್ ಕಾರ್ಡ್ ತಾನೇ? ಲಂಡನ್‌ನವರು ಅದನ್ನೇ ಎತ್ತಿಕೊಂಡ್ರಾ?

ಕೆಳಗೀಟು:
ಅಲ್ಲ. ಎಲ್ಲರೂ ಮಾಡೋ ತಪ್ಪು ಇದು. ಜಾನಿ ಬಾರಿಸ್ತಿದ್ದದ್ದು ಪೂರ್ತಿ ಬಾರ್ (barre) ಕಾರ್ಡ್, ತೋರುಬೆರಳು ಆರೂ ತಂತಿಗೆ ಅಡ್ಡ. ಪವರ್ ಕಾರ್ಡ್‌ನಲ್ಲಿ ಮೂಲಸ್ವರ ಮತ್ತು ಪಂಚಮ ಮಾತ್ರ. ಬಾರ್ ಕಾರ್ಡ್‌ನಲ್ಲಿ ಗಾಂಧಾರವೂ ಇರುತ್ತೆ. ರಮೋನ್ಸ್ ಹಾಡುಗಳು ಅಷ್ಟು ಗದ್ದಲದ ನಡುವೆಯೂ ಐಸ್‌ಕ್ಯಾಂಡಿ ಥರ ಸಿಹಿಯಾಗಿ ಕೇಳೋದು ಆ ಗಾಂಧಾರದಿಂದಲೇ.

ಇನ್ನು ಬಲಗೈ. ಎಲ್ಲ ಏಟೂ ಕೆಳಮುಖ, ಮೇಲ್ಮುಖ ಇಲ್ಲವೇ ಇಲ್ಲ. 'ಬ್ಲಿಟ್ಸ್‌ಕ್ರೀಗ್ ಬಾಪ್' ವೇಗ ನಿಮಿಷಕ್ಕೆ ಸುಮಾರು 175 ಬೀಟ್. ಬೀಟಿಗೆ ಎರಡು ಏಟು ಅಂದ್ರೆ 350, ಸೆಕೆಂಡಿಗೆ ಹತ್ತಿರ ಹತ್ತಿರ ಆರು. ಮೇಲೆ-ಕೆಳಗೆ ಬಾರಿಸಿದ್ರೆ ಕೆಲಸ ಅರ್ಧ ಆಗುತ್ತೆ, ಆದ್ರೆ ಧ್ವನಿ ಬದಲಾಗುತ್ತೆ. ಮೇಲ್ಮುಖ ಏಟಲ್ಲಿ ಪಿಕ್ ಮೊದಲು ತಾಗೋದು ಸಣ್ಣ ತಂತಿಗೆ, ಕೆಳಮುಖದಲ್ಲಿ ದಪ್ಪ ತಂತಿಗೆ. ಎಲ್ಲ ಕೆಳಮುಖ ಆದ್ರೆ ಪ್ರತಿ ಏಟೂ ಒಂದೇ ತೂಕ. ಗಾಣದ ಎತ್ತಿನ ಹೆಜ್ಜೆ.

ಇದನ್ನ ಕಲಿಯುವವರು ಎಡವೋದು ಮೂರು ಕಡೆ. ಪಿಕ್ಕನ್ನ ಬಿಗಿಯಾಗಿ ಹಿಡೀತಾರೆ, ಎರಡನೇ ಹಾಡಿಗೆ ಮುಂಗೈ ಕಲ್ಲಾಗುತ್ತೆ; ಸಡಿಲ ಬಿಡಿ, ಪಿಕ್‌ನ ತುದಿ ಮಾತ್ರ ಹೊರಗಿರಲಿ. ಕೈಯನ್ನ ತಂತಿಯಿಂದ ತುಂಬಾ ದೂರ ಒಯ್ದು ಹೊಡೀತಾರೆ. ಆರು ತಂತಿ ದಾಟಿದ ಮೇಲೆ ಒಂದು ಬೆರಳಗಲ ಹೋದ್ರೆ ಸಾಕು, ವಾಪಸ್ ಬರೋ ದಾರಿಯೂ ಸಮಯ ತಿನ್ನುತ್ತೆ. ಮೂರನೇದು, ಮೊದಲ ದಿನವೇ 175ಕ್ಕೆ ಕೈಹಾಕೋದು. ಮೆಟ್ರೊನೋಮ್ 120ಕ್ಕೆ ಇಟ್ಟು ಎರಡು ನಿಮಿಷ ನಿಲ್ಲಿಸದೆ ಬಾರಿಸಿ. ಬಿಗಿತ ಬರದಿದ್ರೆ 5 ಏರಿಸಿ. ಉರಿ ಬೇರೆ, ನೋವು ಬೇರೆ. ಮಣಿಕಟ್ಟಲ್ಲಿ ನೋವು ಬಂದ್ರೆ ಅವತ್ತಿಗೆ ಗಿಟಾರ್ ಕೆಳಗಿಡಿ.

ಆಂಪ್ ವಿಷಯಕ್ಕೂ ಇದೇ ಮಾತು. ಪೆಡಲ್ ತುಳಿದು ಡಿಸ್ಟಾರ್ಷನ್ ತುಂಬಿದ್ರೆ ಮೇಲೆ ಹೇಳಿದ ಗಾಂಧಾರ ಕೆಸರಲ್ಲಿ ಹೂತುಹೋಗುತ್ತೆ. ಮಾಸ್‌ರೈಟ್ ಗಿಟಾರಿನ ಬ್ರಿಡ್ಜ್ ಪಿಕಪ್, ಜೋರಾಗಿ ಇಟ್ಟ ಮಾರ್ಷಲ್, ಅಷ್ಟೇ. ಮನೇಲಿ ಚಿಕ್ಕ ಆಂಪ್ ಇದ್ರೆ ಗೇನ್ ಅರ್ಧಕ್ಕಿಂತ ಕೆಳಗೆ, ಟ್ರೆಬಲ್ ಸ್ವಲ್ಪ ಮೇಲೆ.

ಧಾರವಾಡ_ಡ್ರಮ್ಮು:
ಎಲ್ಲಾ ಖರೇ, ಆದ್ರ ಎಲ್ಲಾರೂ ನ್ಯೂಯಾರ್ಕ್ ನ್ಯೂಯಾರ್ಕ್ ಅಂತ ಯಾಕ ಬಡಕೋತೀರಿ? ಇಂಗ್ಲೆಂಡಿನ ಕ್ಯಾನ್ವೀ ಐಲ್ಯಾಂಡಿನ ಡಾಕ್ಟರ್ ಫೀಲ್‌ಗುಡ್ ಬ್ಯಾಂಡ್ ನೆನಪಿಲ್ಲೇನು? ಅದರ ಗಿಟಾರಿಸ್ಟ್ ವಿಲ್ಕೊ ಜಾನ್ಸನ್ ಕರೀ ಟೆಲಿಕ್ಯಾಸ್ಟರ್ ಹಿಡಕೊಂಡು ವೇದಿಕೆ ತುಂಬ ಹಿಂದ-ಮುಂದ ಓಡಾಡ್ತಿದ್ದ. ಪಿಕ್ ಹಿಡೀತಿರಲಿಲ್ಲ, ಬೆರಳಿಂದ್ಲೇ ಲಯಾನೂ ಲೀಡೂ ಕೂಡೇ. ಆಂಪ್ ವಾಲ್ವಿಂದಲ್ಲ, ಎಚ್‌ಎಚ್ ಕಂಪನಿ ಟ್ರಾನ್ಸಿಸ್ಟರಿಂದು. ಅದಕ್ಕ ಅಂವನ ಧ್ವನಿ ಒಡದ ಗಾಜಿನಂಗ ಚೂಪು. ಜ್ಯಾಮ್ ಬ್ಯಾಂಡಿನ ಪಾಲ್ ವೆಲ್ಲರ್ ನೋಡ್ರಿ, ಗ್ಯಾಂಗ್ ಆಫ್ ಫೋರ್‌ನ ಆಂಡಿ ಗಿಲ್ ನೋಡ್ರಿ, ಇಬ್ಬರ ಬಲಗೈನೂ ಅಲ್ಲಿಂದನ ಬಂದದ್ದು. ಇನ್ನ ವಿಲ್ಕೊ ಕಲತದ್ದು ಯಾರ ಕಡೆಯಿಂದ? ಜಾನಿ ಕಿಡ್ ಅಂಡ್ ದ ಪೈರೇಟ್ಸ್‌ನ ಮಿಕ್ ಗ್ರೀನ್ ಕಡೆಯಿಂದ. ಬಾಣ ಹಾಕೂದಿದ್ರ ಅಲ್ಲಿಂದ ಹಾಕ್ರಿ.

ಹಳೇ_ತಟ್ಟೆ:
ಡ್ರಮ್ಮಣ್ಣ ಹೇಳಿದ್ದಕ್ಕೆ ಉಪ್ಪು ಖಾರ ಸೇರಿಸ್ತೀನಿ. ಫೀಲ್‌ಗುಡ್ ಬಾಣ ಅಟ್ಲಾಂಟಿಕ್‌ನ ಆ ಕಡೆಗೂ ಹೋಗಿದೆ. ಬ್ಲಾಂಡಿ ಡ್ರಮ್ಮರ್ ಕ್ಲೆಮ್ ಬರ್ಕ್ ಲಂಡನ್‌ನಿಂದ ವಾಪಸ್ ಹೋಗುವಾಗ ಫೀಲ್‌ಗುಡ್ ತಟ್ಟೆ ಒಯ್ದು ಅಲ್ಲಿಯ ಗೆಳೆಯರಿಗೆಲ್ಲ ಕೇಳಿಸಿದ್ದ. ಮತ್ತೆ ಡ್ಯಾಮ್ಡ್ ತಟ್ಟೆ ಹೊರತಂದ ಸ್ಟಿಫ್ ರೆಕಾರ್ಡ್ಸ್ ಇದೆಯಲ್ಲ, ಅದು ಶುರುವಾದದ್ದು ಫೀಲ್‌ಗುಡ್ ಗಾಯಕ ಲೀ ಬ್ರಿಲೋ ಕೊಟ್ಟ 400 ಪೌಂಡ್ ಸಾಲದಿಂದ. ದುಡ್ಡಿನ ಬಾಣಕ್ಕೆ ಬೇರೆ ಬಣ್ಣ ಇಡಿ.

ಬಾಣದಗುರುತು:
ದುಡ್ಡಿಗೆ ಹಸಿರು. ರಿಫ್‌ಗೆ ಕೆಂಪು. ಈಗ ಕೆಂಪು ಹೇಳಿ.

ಮೂರೇ_ಕಾರ್ಡು:
'ಪ್ರೆಟಿ ವೇಕೆಂಟ್' ಇಂದ ಶುರು ಮಾಡಿ. ಅದರ ಕಲ್ಪನೆ ಬಂದದ್ದು ಮೆಕ್‌ಲಾರೆನ್ ನ್ಯೂಯಾರ್ಕ್‌ನಿಂದ ತಂದ ಪೋಸ್ಟರಿನಿಂದ. ಅದರಲ್ಲಿದ್ದ ನ್ಯೂಯಾರ್ಕ್ ಗಾಯಕ ರಿಚರ್ಡ್ ಹೆಲ್ ಹಾಡಿನ ಹೆಸರು 'ಬ್ಲ್ಯಾಂಕ್ ಜನರೇಷನ್'. ಹಾಡು ಕೇಳಿ ಅಲ್ಲ, ಹೆಸರು ಓದಿ! ರಿಫ್ ಎಲ್ಲಿಂದ ಅಂದ್ರೆ ಆಬಾದಿಂದ. ಹೌದು, ಸ್ವೀಡನ್ನಿನ ಆಬಾ. 'ಎಸ್‌ಒಎಸ್' ಹಾಡಲ್ಲಿ ಬರೋ ಆಕ್ಟೇವ್ (ಸ್ಥಾಯಿ) ಜಿಗಿತವನ್ನ ಸಿಡ್‌ಗಿಂತ ಮುಂಚಿನ ಪಿಸ್ಟಲ್ಸ್ ಬಾಸ್ ವಾದಕ ಗ್ಲೆನ್ ಮ್ಯಾಟ್‌ಲಾಕ್ ಎತ್ತಿದ್ದು, ಅವನೇ ಒಪ್ಪಿಕೊಂಡಿದ್ದಾನೆ.

ಸಿಂತುಮಹಾರಾಯ:
ಹರಿದ ಅಂಗಿ, ಸೇಫ್ಟಿ ಪಿನ್ನು, ಕೆದರಿದ ಕೂದಲು ಕೂಡ ರಿಚರ್ಡ್ ಹೆಲ್‌ದೇ ಮಾರಾಯ್ರೇ. ಮೆಕ್‌ಲಾರೆನ್ ಅದನ್ನ ಕಣ್ಣಲ್ಲಿ ತುಂಬಿಕೊಂಡು ಬಂದು ಲಂಡನ್ ಅಂಗಡಿಯಲ್ಲಿ ಮಾರಿದ. ಉಡುಪಿಗೆ ಇನ್ನೊಂದು ಬಣ್ಣ ಇಡಿ.

ಮೂರೇ_ಕಾರ್ಡು:
ಮುಂದಿನ ಕೆಂಪು: ಜ್ಯಾಮ್ ಬ್ಯಾಂಡಿನ 'ಇನ್ ದ ಸಿಟಿ', 1977 ಏಪ್ರಿಲ್. ಅದೇ ಅಕ್ಟೋಬರ್‌ನಲ್ಲಿ ಪಿಸ್ಟಲ್ಸ್‌ನ 'ಹಾಲಿಡೇಸ್ ಇನ್ ದ ಸನ್'. ಎರಡರ ಇಳಿಯುವ ರಿಫ್ ಪಕ್ಕಪಕ್ಕ ಇಟ್ಟು ಕೇಳಿ. ಅದೇ ಸರಕು, ಬೇರೆ ಗೋಣಿಚೀಲ. ಇದೇ ವಿಷಯಕ್ಕೆ ವೆಲ್ಲರ್‌ಗೂ ಸಿಡ್‌ಗೂ ಸ್ಪೀಕ್‌ಈಸಿ ಕ್ಲಬ್‌ನಲ್ಲಿ ಕೈಕೈ ಮಿಲಾಯಿಸಿತು ಅನ್ನೋದು ಲಂಡನ್‌ನ ಪ್ರಸಿದ್ಧ ಕಥೆ.

ಮೂಗುತೂರಿಸುವವ:
ಜ್ಯಾಮ್ ಏನು ಸಾಚಾನಾ? 'ಇನ್ ದ ಸಿಟಿ' ಅನ್ನೋ ಹೆಸರೇ ದ ಹೂ ಬ್ಯಾಂಡಿನ 1966ರ ಒಂದು ಬಿ-ಸೈಡ್ (ಸಿಂಗಲ್ ತಟ್ಟೆಯ ಹಿಂಬದಿ) ಹಾಡಿನದು. ರಿಕನ್‌ಬ್ಯಾಕರ್ ಗಿಟಾರು, ಕೋಟು, ಟೈ ಎಲ್ಲ ಅವರ ಗಿಟಾರಿಸ್ಟ್ ಪೀಟ್ ಟೌನ್‌ಶೆಂಡ್ ಬೀರುವಿನಿಂದ. ಕದ್ದೋರ ಮನೇಲಿ ಕಳವು.

ರಿಕನ್‌ಬ್ಯಾಕರ್_ಭಟ್ಟ:
ಹೆಸರು ತಗೊಳ್ಳೋದು ಕಳವಲ್ಲ ಸ್ವಾಮಿ, ಅದು ನಮಸ್ಕಾರ. ವೆಲ್ಲರ್ ಯಾವತ್ತೂ ಮುಚ್ಚಿಟ್ಟಿಲ್ಲ.

ಮೂಗುತೂರಿಸುವವ:
ನೀವು ಮಾಡಿದ್ರೆ ನಮಸ್ಕಾರ, ಪಿಸ್ಟಲ್ಸ್ ಮಾಡಿದ್ರೆ ಕಳವು. ಚೆನ್ನಾಗಿದೆ.

ಹಳೇ_ತಟ್ಟೆ:
ಭಟ್ರೇ, ಜ್ಯಾಮ್ ಮೇಲೆ ಎಲ್ಲರಿಗೂ ಇದ್ದ ಸಿಟ್ಟು ರಿಫ್‌ದಲ್ಲ. 1977 ಮೇ ತಿಂಗಳ ವೈಟ್ ರಯಟ್ ಪ್ರವಾಸದಲ್ಲಿ ಕ್ಲ್ಯಾಶ್, ಜ್ಯಾಮ್, ಬಜ್‌ಕಾಕ್ಸ್, ಸ್ಲಿಟ್ಸ್, ಸಬ್‌ವೇ ಸೆಕ್ಟ್ ಒಟ್ಟಿಗೆ ಹೊರಟಿದ್ರು. ಜ್ಯಾಮ್ ಅರ್ಧದಲ್ಲೇ ಬಿಟ್ಟು ಹೋಯ್ತು. ಗಲಾಟೆ ಪ್ರವಾಸದ ಖರ್ಚು ಹಂಚಿಕೆದು, ಮೈಕು-ಸ್ಪೀಕರ್ ವ್ಯವಸ್ಥೆದು. ಕ್ಲ್ಯಾಶ್ ಸಿಬಿಎಸ್ ರೆಕಾರ್ಡ್ ಕಂಪನಿ ಜೊತೆ ಜನವರಿಯಲ್ಲಿ 1,00,000 ಪೌಂಡಿಗೆ ಸಹಿ ಹಾಕಿತ್ತು. ಜ್ಯಾಮ್‌ಗೆ ಪಾಲಿಡಾರ್ ಕೊಟ್ಟದ್ದು 6,000. ಆ ಅಂತರ ಇಟ್ಟುಕೊಂಡು ಒಂದೇ ಪಂಕ್ತೀಲಿ ಊಟಕ್ಕೆ ಕೂತರೆ ಏನಾಗುತ್ತೆ? ಮರುವರ್ಷ ಕ್ಲ್ಯಾಶ್‌ನ ಹ್ಯಾಮರ್‌ಸ್ಮಿತ್ ಪ್ಯಾಲೆ ಹಾಡಲ್ಲಿ ಬರ್ಟನ್ ಸೂಟು ತೊಟ್ಟ ಹೊಸ ಬ್ಯಾಂಡುಗಳ ಮೇಲೆ ಒಂದು ಚುಚ್ಚು ಇದೆ. ಅದು ಯಾರಿಗೆ ಅಂತ ಬಿಡಿಸಿ ಹೇಳಬೇಕಾ?

ಸಿಂತುಮಹಾರಾಯ:
ಜಗಳದ ಹಾಡು ಅಂದ್ರೆ ಇದಕ್ಕಿಂತ ಚೆಂದದ್ದೊಂದು ಉಂಟು. ಪಿಸ್ಟಲ್ಸ್ ಆಲ್ಬಮ್‌ನಲ್ಲಿ 'ನ್ಯೂಯಾರ್ಕ್' ಅಂತ ಡಾಲ್ಸ್‌ನ ಹಂಗಿಸಿದ ಹಾಡು. ಡಾಲ್ಸ್‌ನ ಜಾನಿ ಥಂಡರ್ಸ್ 1978ರಲ್ಲಿ 'ಲಂಡನ್ ಬಾಯ್ಸ್' ಅಂತ ತಿರುಗೇಟು ಕೊಟ್ಟ. ಆ ತಿರುಗೇಟಿಗೆ ಗಿಟಾರ್ ಮತ್ತು ಡ್ರಮ್ಸ್ ಬಾರಿಸಿದ್ದು ಯಾರು ಗೊತ್ತುಂಟಾ? ಪಿಸ್ಟಲ್ಸ್‌ನ ಸ್ಟೀವ್ ಜೋನ್ಸ್, ಪಾಲ್ ಕುಕ್! ಬೈಗುಳಕ್ಕೂ ತಾವೇ, ಬೈಸಿಕೊಳ್ಳೋದಕ್ಕೂ ತಾವೇ. ಯಕ್ಷಗಾನದಲ್ಲಿ ಎರಡೂ ಕಡೆ ಒಬ್ಬನೇ ವೇಷಧಾರಿ ನಿಂತ ಹಾಗೆ.

ಕೆಳಗೀಟು:
ರಮೋನ್ಸ್ ಕಡೆಗೆ ಒಂದು ತಿರುಗುಬಾಣ ಬೇಕು. 1977ರ ಬೇಸಿಗೆಯಲ್ಲಿ ಅವರ ಮೂರನೇ ಆಲ್ಬಮ್ 'ರಾಕೆಟ್ ಟು ರಷ್ಯಾ' ಧ್ವನಿಮುದ್ರಣಕ್ಕೆ ಬಂದಾಗ ಜಾನಿ ಕೈಯಲ್ಲಿ ಪಿಸ್ಟಲ್ಸ್‌ನ 'ಗಾಡ್ ಸೇವ್ ದ ಕ್ವೀನ್' ಸಿಂಗಲ್ ಇತ್ತು. ಇವರು ನಮ್ಮದನ್ನ ದೋಚಿದ್ದಾರೆ, ನಮ್ಮ ತಟ್ಟೆ ಇದಕ್ಕಿಂತ ಚೆನ್ನಾಗಿ ಕೇಳಬೇಕು ಅನ್ನೋ ಅರ್ಥದಲ್ಲಿ ಎಂಜಿನಿಯರ್ ಎಡ್ ಸ್ಟೇಸಿಯಮ್‌ಗೆ ತಾಕೀತು ಮಾಡಿದ. ಮೊದಲ ಆಲ್ಬಮ್ ಮತ್ತು ಮೂರನೇ ಆಲ್ಬಮ್ ಒಂದರ ಹಿಂದೆ ಒಂದು ಹಾಕಿ. ಗಿಟಾರ್ ದಪ್ಪ ಆಗಿರೋದು, ಡ್ರಮ್ಸ್‌ಗೆ ಜಾಗ ಸಿಕ್ಕಿರೋದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತೆ. ಪಿಸ್ಟಲ್ಸ್ ಆಲ್ಬಮ್ ಅಕ್ಟೋಬರ್ 28ಕ್ಕೆ ಬಂತು, ಇವರದ್ದು ನವೆಂಬರ್ 4ಕ್ಕೆ. ಒಂದೇ ವಾರ.

ಬಾಣದಗುರುತು:
ಅಂದ್ರೆ ರಮೋನ್ಸ್–ಪಿಸ್ಟಲ್ಸ್ ನಡುವೆ ಎರಡೂ ಕಡೆ ಮೊನೆ ಇರೋ ಬಾಣ. ಹಾಳೆ ಚಕ್ಕುಲಿ ಆಗ್ತಾ ಇದೆ.

ಉತ್ತರಮುಖಿ:
ಲಂಡನ್, ನ್ಯೂಯಾರ್ಕ್ ಬಿಟ್ಟು ಊರೇ ಇಲ್ವಾ? ಮ್ಯಾಂಚೆಸ್ಟರ್ ಎಲ್ಲಿ?

ಬಜ್‌ಕಾಕ್ಸ್‌ನ 'ಸ್ಪೈರಲ್ ಸ್ಕ್ರ್ಯಾಚ್' ನಾಲ್ಕು ಹಾಡಿನ ತಟ್ಟೆ. 1976 ಡಿಸೆಂಬರ್ 28ಕ್ಕೆ ಇಂಡಿಗೊ ಸ್ಟುಡಿಯೊದಲ್ಲಿ ಧ್ವನಿಮುದ್ರಣ, 1977 ಜನವರಿ ಕೊನೆಗೆ ಬಿಡುಗಡೆ. ಸಾಲ ಎತ್ತಿದ್ದು 500 ಪೌಂಡ್, ಮೊದಲು ಒತ್ತಿಸಿದ್ದು 1,000 ಪ್ರತಿ. ಪ್ರತಿಗೆ 50 ಪೆನ್ಸ್ ಬಿತ್ತು, ಧ್ವನಿಮುದ್ರಣ, ಒತ್ತುವಿಕೆ, ಹೊದಿಕೆ ಎಲ್ಲ ಸೇರಿ. ಹೊದಿಕೆ ಚಿತ್ರ ಒಂದು ಪೋಲರಾಯ್ಡ್ ಫೋಟೊ. ಯಾವ ಹಾಡು ಎಷ್ಟನೇ ಟೇಕು, ಮೇಲೆ ಗಿಟಾರ್ ಸೇರಿಸಿದ್ದಾರಾ ಇಲ್ವಾ ಅನ್ನೋದನ್ನೂ ಹೊದಿಕೆ ಮೇಲೆ ಅಚ್ಚು ಹಾಕಿದ್ರು. ಅಡುಗೆ ಜೊತೆ ಪಾಕವನ್ನೂ ಬಡಿಸಿದ ಹಾಗೆ. ಕೊನೆಗೆ 16,000 ಪ್ರತಿ ಖರ್ಚಾಯ್ತು. 1978ರಲ್ಲಿ ಸ್ಕ್ರಿಟಿ ಪೊಲಿಟಿ ಬ್ಯಾಂಡ್‌ನವರು ತಮ್ಮ ಮೊದಲ ಸಿಂಗಲ್ ಹೊದಿಕೆ ಮೇಲೆ ಖರ್ಚಿನ ಲೆಕ್ಕವನ್ನೇ ಅಚ್ಚು ಹಾಕಿದ್ರಲ್ಲ, ಅದು ಇದೇ ದಾರಿಯ ಮುಂದಿನ ಹೆಜ್ಜೆ. ಯಾರೂ ಇದರ ರಿಫ್ ಕದಿಯಲಿಲ್ಲ. ಕದ್ದದ್ದು ತಟ್ಟೆ ಮಾಡೋ ವಿಧಾನವನ್ನ. ನನ್ನ ಕೇಳಿದ್ರೆ ನಕ್ಷೆಯ ಅತಿ ದಪ್ಪ ಬಾಣ ಇಲ್ಲಿಂದ ಹೊರಡಬೇಕು.

ನಿರ್ಮಾಪಕ ಮಾರ್ಟಿನ್ ಹ್ಯಾನೆಟ್, ಆಗ ಮಾರ್ಟಿನ್ ಜೀರೊ ಅಂತ ಹೆಸರು. ಅದೇ ಮನುಷ್ಯ 1979ರಲ್ಲಿ ಜಾಯ್ ಡಿವಿಷನ್‌ನ 'ಅನ್‌ನೋನ್ ಪ್ಲೆಷರ್ಸ್' ಮಾಡಿದ.

ಮಿಶ್ರಛಾಪು:
ಆ ತಟ್ಟೆಯ 'ಬೋರ್‌ಡಮ್' ಸೋಲೊದಲ್ಲಿ ಇರೋದು ಎರಡೇ ಸ್ವರ. ಎರಡು ಸ್ವರ ಹಿಡಿದು ಇಷ್ಟು ಹೊತ್ತು ಜಗ್ಗೋಕೆ ಧೈರ್ಯ ಬೇಕು. ನಮ್ಮ ಕಡೆ ಆಗಿದ್ರೆ ಮೇಷ್ಟ್ರು ತಂಬೂರಿ ತಗೊಂಡು ಹೊಡೀತಿದ್ರು.

ಉತ್ತರಮುಖಿ:
ಕೆಂಪು ಬಾಣ ಒಂದು ಇಲ್ಲೂ ಇದೆ. ಹವರ್ಡ್ ಡಿವೋಟೊ ಬಜ್‌ಕಾಕ್ಸ್ ಬಿಟ್ಟು ಮ್ಯಾಗಜೀನ್ ಕಟ್ಟಿದ. ಅವರ ಮೊದಲ ಸಿಂಗಲ್ 'ಶಾಟ್ ಬೈ ಬೋತ್ ಸೈಡ್ಸ್', 1978 ಜನವರಿ. ಅದೇ ವರ್ಷ ನವೆಂಬರ್‌ನಲ್ಲಿ ಬಜ್‌ಕಾಕ್ಸ್‌ನ 'ಲಿಪ್‌ಸ್ಟಿಕ್' ಬಂತು, 'ಪ್ರಾಮಿಸಸ್'ನ ಹಿಂಬದಿಯಲ್ಲಿ. ಎರಡಕ್ಕೂ ಅದೇ ಏರುವ ರಿಫ್. ಕಳವಲ್ಲ; ರಿಫ್ ಹುಟ್ಟಿಸಿದ್ದು ಬಜ್‌ಕಾಕ್ಸ್‌ನ ಪೀಟ್ ಶೆಲ್ಲಿ, ಗೆಳೆಯನಿಗೆ ಕೊಟ್ಟ, ತಾನೂ ಇಟ್ಟುಕೊಂಡ. ಒಂದು ಬಾವಿ, ಎರಡು ಹಗ್ಗ.

ಟೇಪುಹುಳ:
ಮ್ಯಾಗಜೀನ್ ಅಂದಮೇಲೆ ಅವರ ಗಿಟಾರಿಸ್ಟ್ ಜಾನ್ ಮೆಕ್‌ಗೋ ಬಿಡಬೇಡಿ. ಯಮಹಾ ಎಸ್‌ಜಿ1000 ಗಿಟಾರು, ಎಂಎಕ್ಸ್‌ಆರ್ ಫ್ಲ್ಯಾಂಜರ್ (ಗಿಟಾರ್ ಧ್ವನಿಯನ್ನ ಅಲೆಅಲೆಯಾಗಿಸೋ ಪೆಡಲ್). ಫ್ಲ್ಯಾಂಜರನ್ನ ನೆಲದ ಮೇಲಿಡದೆ ಮೈಕ್ ಸ್ಟ್ಯಾಂಡಿಗೆ ಕಟ್ಟಿಕೊಳ್ತಿದ್ದ, ಬಾರಿಸುತ್ತಲೇ ನಾಬ್ ತಿರುಗಿಸೋಕೆ. ಮ್ಯಾಗಜೀನ್‌ನಿಂದ ಸೂಜಿ ಅಂಡ್ ದ ಬ್ಯಾನ್‌ಶೀಸ್, ಆಮೇಲೆ ಪಿಐಎಲ್ (ಪಬ್ಲಿಕ್ ಇಮೇಜ್ ಲಿಮಿಟೆಡ್). ಒಬ್ಬನೇ ಮನುಷ್ಯ ಮೂರು ಬ್ಯಾಂಡಿನ ಬಾಣ.

ಧಾರವಾಡ_ಡ್ರಮ್ಮು:
ನ್ಯೂ ವೇವ್ ಬರೇ ಹೆಸರಿನ ಆಟ ಅಂತೀನಿ ನಾ. ಸೈರ್ ರೆಕಾರ್ಡ್ ಕಂಪನಿ ಸೀಮೋರ್ ಸ್ಟೈನ್ 1977ರಾಗ "ಪಂಕ್ ಅನಬ್ಯಾಡ್ರಿ" ಅಂತ ಪ್ರಚಾರ ಮಾಡಿದ. ಯಾಕಂದ್ರ ಪಂಕ್ ಅಂದ್ರ ಅಮೆರಿಕದ ರೇಡಿಯೊದವ್ರು ತಟ್ಟಿ ಮುಟ್ಟತಿರಲಿಲ್ಲ. ರಮೋನ್ಸೂ ಅದೇ ಕಂಪನಿ, ಟಾಕಿಂಗ್ ಹೆಡ್ಸೂ ಅದೇ ಕಂಪನಿ. ಒಂದೇ ಹಿಟ್ಟು, ಒಂದಕ್ಕ ರೊಟ್ಟಿ ಅಂದ್ರು, ಇನ್ನೊಂದಕ್ಕ ಪರೋಟಾ ಅಂದ್ರು.

ಮಿಶ್ರಛಾಪು:
ಡ್ರಮ್ಮಣ್ಣ, ಒಪ್ಪಲ್ಲ. ಹೆಸರು ವ್ಯಾಪಾರದ್ದೇ ಇರಬಹುದು, ಲಯ ಬೇರೆ ಆಯ್ತಲ್ಲ! ಬ್ಲಾಂಡಿಯ 'ಹಾರ್ಟ್ ಆಫ್ ಗ್ಲಾಸ್' ತಗೊಳ್ಳಿ. ಹಾಡು 1975ರ ಹೊತ್ತಿಗೇ ಅವರ ಹತ್ತಿರ ಇತ್ತು, ಬೇರೆ ಹೆಸರಲ್ಲಿ, ಬೇರೆ ನಡಿಗೆಯಲ್ಲಿ. 1978ರಲ್ಲಿ ನಿರ್ಮಾಪಕ ಮೈಕ್ ಚಾಪ್‌ಮನ್ ಕೈಗೆ ಬಂದಮೇಲೆ ಅದಕ್ಕೆ ರೋಲ್ಯಾಂಡ್ ಸಿಆರ್-78 ಲಯಯಂತ್ರ ಕೂಡಿಸಿದ್ರು, ಅದರ ಟಿಕ್-ಟಿಕ್ ಮೇಲೆ ಕ್ಲೆಮ್ ಬರ್ಕ್ ಡ್ರಮ್ಸ್. ಪಂಕ್ ಡ್ರಮ್ಮರಿಗೆ ಇದು ನರಕ. ಯಂತ್ರ ಯಾರಿಗೂ ಕಾಯಲ್ಲ, ಉತ್ಸಾಹದಲ್ಲಿ ಸ್ವಲ್ಪ ಮುಂದೆ ಓಡಿದ್ರೂ ಎರಡು ಏಟು ಬೇರೆ ಬೇರೆ ಕೇಳುತ್ತೆ. ಮಧ್ಯೆ ವಾದ್ಯ ಮಾತ್ರ ಬರೋ ಭಾಗದಲ್ಲಿ ಎಣಿಸಿ ನೋಡಿ, ಒಂದು ಬೀಟ್ ಕಾಣೆ. ನಾಲ್ಕು-ನಾಲ್ಕರ ಬದಲು ನಾಲ್ಕು-ಮೂರು, ಒಟ್ಟು ಏಳು. ಡಿಸ್ಕೊ ಕುಣಿಯೋರ ಕಾಲಿಗೆ ಸದ್ದಿಲ್ಲದೆ ಏಳೆಣಿಕೆಯ ತೊಡರು!

ಮೂಗುತೂರಿಸುವವ:
ಹ್ಯಾಂಡಲ್ ಹೆಸರು ಸಾರ್ಥಕ ಮಾಡಿಕೊಂಡ್ರಿ. ಆದ್ರೆ ಮಿಶ್ರ ಛಾಪು ಮೂರು-ನಾಲ್ಕು, ನೀವು ಹೇಳಿದ್ದು ನಾಲ್ಕು-ಮೂರು.

ಮಿಶ್ರಛಾಪು:
ವಿಲೋಮ ಛಾಪು ಅಂತ ಬದಲಾಯಿಸಿಕೊಳ್ಲಾ?

ಹಳೇ_ತಟ್ಟೆ:
ಬ್ಲಾಂಡಿ ಇನ್ನೊಂದು ಕಡೆಗೂ ಬೇಕು. 1975ರಲ್ಲಿ ರಿಚರ್ಡ್ ಹೆಲ್ ಟೆಲಿವಿಷನ್ ಬ್ಯಾಂಡ್ ಬಿಟ್ಟ, ತನ್ನ ಹಾಡುಗಳನ್ನ ಅದೇ ಬ್ಯಾಂಡಿನ ಗಾಯಕ ಟಾಮ್ ವರ್ಲೇನ್ ಒಂದೊಂದಾಗಿ ಪಟ್ಟಿಯಿಂದ ತೆಗೀತಾ ಬಂದ ಅಂತ. ಆ ಜಾಗಕ್ಕೆ ಟೆಲಿವಿಷನ್‌ನವರು ಬ್ಲಾಂಡಿಯ ಬಾಸ್ ವಾದಕ ಫ್ರೆಡ್ ಸ್ಮಿತ್‌ನನ್ನೇ ಎಳೆದುಕೊಂಡ್ರು. ಆಗ ನ್ಯೂಯಾರ್ಕ್‌ನ ಸಿಬಿಜಿಬಿ ಕ್ಲಬ್‌ನಲ್ಲಿ ಟೆಲಿವಿಷನ್ ದೊಡ್ಡ ಹೆಸರು, ಬ್ಲಾಂಡಿ ಎಂದರೆ ತಾತ್ಸಾರ. ನಾಲ್ಕು ವರ್ಷಕ್ಕೆ ಬ್ಲಾಂಡಿ ಅಮೆರಿಕ, ಬ್ರಿಟನ್ ಎರಡರಲ್ಲೂ ನಂಬರ್ ಒನ್. ಟೆಲಿವಿಷನ್ 1978ರಲ್ಲೇ ಮುರಿದುಬಿದ್ದಿತ್ತು.

ಆದ್ರೂ 'ಮಾರ್ಕೀ ಮೂನ್' ಹತ್ತು ನಿಮಿಷವೂ ಒಂದೇ ಟೇಕ್ ಅನ್ನೋದನ್ನ ನೆನೆದ್ರೆ ನಾನು ಟೆಲಿವಿಷನ್ ಕಡೆಯೇ. ಡ್ರಮ್ಮರ್ ಬಿಲ್ಲಿ ಫಿಕಾ ಅದನ್ನ ತಾಲೀಮು ಅಂದುಕೊಂಡು ಬಾರಿಸಿದ್ದು.

ಸಿಂತುಮಹಾರಾಯ:
ಗಿಟಾರಿನವರು ಇಷ್ಟು ಮಾತಾಡಿದ್ರಿ, ಕೀಬೋರ್ಡಿಗೂ ಸ್ವಲ್ಪ ಜಾಗ ಬಿಡಿ. ಗ್ಯಾರಿ ನ್ಯೂಮನ್‌ನ ಟ್ಯೂಬ್‌ವೇ ಆರ್ಮಿ ಪಂಕ್ ಬ್ಯಾಂಡೇ ಆಗಿತ್ತು. 1978ರಲ್ಲಿ ಕೇಂಬ್ರಿಜ್‌ನ ಸ್ಪೇಸ್‌ವರ್ಡ್ ಸ್ಟುಡಿಯೊಗೆ ಹೋದಾಗ ಹಿಂದೆ ಬಾಡಿಗೆಗೆ ತಂದವರ ಮಿನಿಮೂಗ್ ಸಿಂತ್ (ಸಿಂತಸೈಜರ್) ಅಲ್ಲೇ ಬಿದ್ದಿತ್ತು. ಒಂದು ಕೀ ಒತ್ತಿದ, ಗೋಡೆ ನಡುಗಿತು, ಪಂಕ್ ಹಾಡುಗಳೆಲ್ಲ ಸಿಂತ್ ಹಾಡುಗಳಾದವು. ಬಾಣದ ಬುಡಕ್ಕೆ ಬ್ಯಾಂಡಲ್ಲ, ಯಾರೋ ವಾಪಸ್ ಒಯ್ಯಲು ಮರೆತ ಯಂತ್ರ!

ಮನುಷ್ಯರ ಬಾಣವೂ ಉಂಟು: ಅಲ್ಟ್ರಾವಾಕ್ಸ್‌ನಿಂದ. ಅವರ 'ಸಿಸ್ಟಮ್ಸ್ ಆಫ್ ರೊಮಾನ್ಸ್' ತನಗೆ ದಾರಿ ಅಂತ ನ್ಯೂಮನ್ ಹೇಳಿಕೊಂಡಿದ್ದಾನೆ, ಅವರ ಬಿಲ್ಲಿ ಕರ್ರಿಯನ್ನ ತನ್ನ 'ಪ್ಲೆಷರ್ ಪ್ರಿನ್ಸಿಪಲ್'ಗೆ ಕರೆಸಿಕೊಂಡ. ಆ ಆಲ್ಬಮ್‌ನಲ್ಲಿ ಗಿಟಾರ್ ಒಂದೂ ಇಲ್ಲ. ಆದರೆ ಸಿಂತ್‌ಗಳನ್ನ ಗಿಟಾರ್ ಪೆಡಲ್‌ಗಳ ಮೂಲಕ ಓಡಿಸಿದ್ದಾನೆ, ಬಾಸ್ ಗಿಟಾರೂ ಡ್ರಮ್ಸೂ ಮನುಷ್ಯರೇ ಬಾರಿಸಿದ್ದು. 'ಕಾರ್ಸ್'ನ ಆ ಎತ್ತರದ ದಾರದಂಥ ಧ್ವನಿ ಪಾಲಿಮೂಗ್‌ನ ವಾಕ್ಸ್ ಹ್ಯುಮಾನಾ ಅನ್ನೋ ಸಿದ್ಧ ಸ್ವರ. ಆ ಹಾಡನ್ನ ಬರೀ ಯಂತ್ರದ ಡ್ರಮ್ ಹಾಕಿ ನಕಲು ಮಾಡಿದವರದ್ದು ಪ್ಲಾಸ್ಟಿಕ್ ಹೂವಿನ ಹಾಗೆ ಕೇಳೋದು ಇದಕ್ಕೇ.

ರಿಕನ್‌ಬ್ಯಾಕರ್_ಭಟ್ಟ:
ರಿಫ್ ಬಾಣ 1980ಕ್ಕೇ ನಿಲ್ಲಿಸ್ತೀರಾ? ಡ್ಯಾಮ್ಡ್‌ನ 'ಲೈಫ್ ಗೋಸ್ ಆನ್' 1982, ಕಿಲ್ಲಿಂಗ್ ಜೋಕ್‌ನ 'ಏಯ್ಟೀಸ್' 1984, ನಿರ್ವಾಣದ 'ಕಮ್ ಆ್ಯಸ್ ಯೂ ಆರ್' 1991. ಮೂರನ್ನೂ ಸಾಲಾಗಿ ಕೇಳಿ. ವಯರ್‌ನ 'ತ್ರೀ ಗರ್ಲ್ ರಂಬಾ' 1977. ಇಲಾಸ್ಟಿಕಾ 'ಕನೆಕ್ಷನ್'ಗೆ ಅದನ್ನೇ ತಗೊಂಡು, ಕೋರ್ಟ್ ಮೆಟ್ಟಿಲ ಹೊರಗೇ ದುಡ್ಡು ಕೊಟ್ಟು ಬಗೆಹರಿಸಿಕೊಂಡರು.

ಬಾಣದಗುರುತು:
1980ರ ಆಚೆ ಬೇಡ ಭಟ್ರೇ, ಹಾಳೆ ಮುಗೀತು. ಈಗಲೇ ಎ3 ಸಾಲ್ತಿಲ್ಲ.

ಮೂರೇ_ಕಾರ್ಡು:
ಒಂದೇ ಒಂದು ಕೊನೇದು. ಬ್ರಿಟನ್ನಿನ ಮೊದಲ ಪಂಕ್ ಸಿಂಗಲ್ ಡ್ಯಾಮ್ಡ್‌ನ 'ನ್ಯೂ ರೋಸ್', 1976 ಅಕ್ಟೋಬರ್ 22. ನಿಕ್ ಲೋ ನಿರ್ಮಾಣ, ಪಾಥ್‌ವೇ ಅನ್ನೋ ಎಂಟು ಟ್ರ್ಯಾಕಿನ ಸಣ್ಣ ಸ್ಟುಡಿಯೊ. ಪಿಸ್ಟಲ್ಸ್‌ನ 'ಅನಾರ್ಕಿ' ಬಂದದ್ದು ನವೆಂಬರ್ 26ಕ್ಕೆ. ಪಿಸ್ಟಲ್ಸ್ ಮೊದಲು ಅಂತ ಯಾರಾದ್ರೂ ಬರೆದ್ರೆ ಈ ಎರಡು ತಾರೀಕು ತೋರಿಸಿ.

ಸಿಂತುಮಹಾರಾಯ:
ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಸೇಂಟ್ಸ್ ಬ್ಯಾಂಡ್ 'ಸ್ಟ್ರಾಂಡೆಡ್' ಬಿಟ್ಟದ್ದು ಅದೇ ವರ್ಷ ಸೆಪ್ಟೆಂಬರಿನಲ್ಲಿ, ಸ್ವಂತ ಲೇಬಲ್, 500 ಪ್ರತಿ. ಡ್ಯಾಮ್ಡ್‌ಗಿಂತ ಮುಂಚೆ. ಅವರಿಗೆ ಲಂಡನ್ನೂ ಗೊತ್ತಿಲ್ಲ, ಸಿಬಿಜಿಬಿಯೂ ಗೊತ್ತಿಲ್ಲ. ಆ ಬ್ಯಾಂಡಿಗೆ ಯಾವ ಬಾಣ ಹಾಕ್ತೀರಿ?

ಧಾರವಾಡ_ಡ್ರಮ್ಮು:
ಸ್ಟೂಜಸ್ ಅನ್ನೂ ಅಮೆರಿಕದ ಹಳೇ ಬ್ಯಾಂಡಿನಿಂದ ಹಾಕ್ರಿ. ಪಿಸ್ಟಲ್ಸ್ 'ನೋ ಫನ್' ಬಾರಿಸಿದ್ರು, ಡ್ಯಾಮ್ಡ್ ಮೊದಲ ಆಲ್ಬಮ್ಮಿನಾಗ '1970' ಬಾರಿಸಿದ್ರು, ಎರಡೂ ಸ್ಟೂಜಸ್ ಹಾಡು. ಆ ತಟ್ಟಿ ಬ್ರಿಸ್ಬೇನಿಗೂ ಹೋಗಿತ್ತು. ಬ್ಯಾಂಡು ಮೂರು, ಬಾವಿ ಒಂದ.

ಬಾಣದಗುರುತು:
ಸರಿ, ಸ್ಟೂಜಸ್‌ನ ಮಧ್ಯಕ್ಕೆ ತಂದೆ, ಅಲ್ಲಿಂದ ಮೂರು ಕಡೆಗೆ ಬಾಣ. ಬ್ರಿಸ್ಬೇನ್‌ನ ಎಡಗಡೆ ಮೂಲೆಗೆ ಹಾಕಿದ್ದೀನಿ, ಅಲ್ಲೇ ಜಾಗ ಇದ್ದದ್ದು.

ಮೂಗುತೂರಿಸುವವ:
ನ್ಯೂಯಾರ್ಕ್‌ಗಿಂತಲೂ ಎಡಕ್ಕಾ? ಭೂಪಟ ಒಂದ್ಸಲ ನೋಡಿ ಸ್ವಾಮಿ.